ಮೊದಲು ಮುಚ್ಚಿದ ಬಾವಿ

ವಾಂತಿಭೇದಿ ಎದ್ದ ಊರಿಗೆ ಕಾಲಿಟ್ಟ ಆರೋಗ್ಯ ಇನ್‌ಸ್ಪೆಕ್ಟರನ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ರೋಗಿಗಳ ಪಟ್ಟಿ. ನಂತರ ನಕ್ಷೆ: ಯಾವ ಮನೆಯಲ್ಲಿ ಯಾರು ಬಿದ್ದಿದ್ದಾರೆ, ಅವರು ಯಾವ ನೀರು ಕುಡಿಯುತ್ತಾರೆ. ನಂತರ ನೀರಿನ ಪರೀಕ್ಷೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಇವೆಲ್ಲ ಮುಗಿದ ಮೇಲೆ. ತರಬೇತಿಯಲ್ಲಿ ಇದನ್ನು ನಮಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ನಾನು ಮಗ್ಗಿ ತಪ್ಪುವವನಲ್ಲ. ಚೀಲದಲ್ಲಿ ಯಾವ ಸೀಸೆ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಂಥ ನಾನು ಒಂದು ಸಲ ನಕ್ಷೆ ಬರೆಯದೆ ಮುಂದೆ ಹೋದೆ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಮುಂಗಾರಿನ ಮೊದಲಿನ ಮಿರಗದ ಮಳೆ ಬಿದ್ದ ವಾರ. ಬಸವನ ಬಾಗೇವಾಡಿ ತಾಲೂಕಿನ ಒಂದು ಊರು. ಹೂವಿನ ಹಿಪ್ಪರಗಿಯಿಂದ ಎರಡು ಹರದಾರಿ. ಹೆಸರು ಬರೆಯುವುದಿಲ್ಲ, ಅಂಥ ಊರುಗಳು ಆಗ ಸುತ್ತಲಿನ ತಾಲೂಕುಗಳಲ್ಲೆಲ್ಲ ಇದ್ದವು. ನಮ್ಮ ಡಾಕ್ಟರು ಜೀಪು ತೆಗೆದುಕೊಂಡು ಸಿಂದಗಿ ಕಡೆ ಹೋಗಿದ್ದರು, ಅಲ್ಲಿಯೂ ಇದೇ ರೋಗ. ನನ್ನ ಜೊತೆ ಬಂದವರು ಒಬ್ಬರೇ, ನರ್ಸ್ ಬಾಯಿ. ಮುದ್ದೇಬಿಹಾಳದವರು, ಕೈ ಮೃದು, ನಾಲಿಗೆ ಚುರುಕು. ಹಿಪ್ಪರಗಿಯವರೆಗೆ ಬಸ್ಸು, ಅಲ್ಲಿಂದ ಚಕ್ಕಡಿ. ಚಕ್ಕಡಿಯಲ್ಲಿ ಒಂದು ಡ್ರಮ್ಮು ಬ್ಲೀಚಿಂಗ್ ಪುಡಿ, ಕೈಗೆ ನೀರೇರಿಸುವ ಸಲೈನಿನ ಹತ್ತು ಬಾಟಲಿ, ಸೂಜಿಮದ್ದಿನ ಪೆಟ್ಟಿಗೆ. ಹೆಚ್ಚಿನ ಪುಡಿ ಬೇಕಿತ್ತು. ಅದು ಇಂಡಿ ತಾಲೂಕಿನ ಝಳಕಿಯಲ್ಲಿ ಲಾರಿಯಿಂದ ಇಳಿದು ಕೂತಿತ್ತು. ಎರಡು ಮೂರು ದಿನದಲ್ಲಿ ಬರುತ್ತದೆ ಎಂದಿದ್ದರು.

ಚಾವಡಿಯಲ್ಲಿ ಊರಗೌಡರು ಕಾಯುತ್ತಿದ್ದರು. ಪಟ್ಟಿ ಸಿದ್ಧವಾಗಿತ್ತು. ಆರು ಹೆಸರು. ಐದು ಊರ ಹೊರಗಿನ ಕೇರಿಯವು, ಒಂದು ಮಾತ್ರ ಊರೊಳಗಿನದು. ಕೇರಿಯ ಐವರಲ್ಲಿ ಒಬ್ಬ ಹಿಂದಿನ ದಿನವೇ ತೀರಿಕೊಂಡಿದ್ದ.

"ನೋಡ್ರಿ, ಸಾಹೇಬ್ರ," ಎಂದರು ಗೌಡರು. "ಹುಟ್ಟಿದ್ದ ಅಲ್ಲಿ. ಆ ಬಾವಿ ಒಂದು ಬಂದ್ ಮಾಡ್ರಿ, ಊರು ಉಳೀತೈತಿ."

ಆರರಲ್ಲಿ ಐದು. ನಕ್ಷೆಯಲ್ಲಿ ಇನ್ನೇನು ತೋರೀತು ಎಂದುಕೊಂಡೆ. ಸಮಯ ಉಳಿಯಿತು ಎಂದು ಸಮಾಧಾನವೂ ಆಯಿತು. ನಾನು ಹುಟ್ಟಿದ್ದು ಊರೊಳಗಿನ ಮನೆಯಲ್ಲಿ. ಕೇರಿಯ ನೀರು ಕೆಟ್ಟದ್ದು ಎಂದು ನನಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಕಲಿಸುವ ಅಗತ್ಯ ಬೀಳದ ಪಾಠ ಅದು.

ಕೇರಿಯ ಬಾವಿ ಕೇರಿಯವರೇ ತೋಡಿಕೊಂಡದ್ದು. ಕಿರಿದು, ಆಳ. ಸುತ್ತ ಎದೆಮಟ್ಟದ ಕಟ್ಟೆ, ನೀರು ಸೇದುವ ಒಂದು ಗಡಗಡಿ, ಒಂದು ಹಗ್ಗ. ಹಗ್ಗದಿಂದ ಅಗಲ ಅಳೆದೆ, ಕಲ್ಲು ಕಟ್ಟಿ ಆಳ ಅಳೆದೆ, ನೀರಿನ ಲೆಕ್ಕ ಹಾಕಿದೆ. ಆಮೇಲೆ ಆರು ಬಿಳಿ ಬಟ್ಟಲುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಆರಕ್ಕೂ ಬಾವಿಯ ನೀರು. ಮೊದಲನೆಯದಕ್ಕೆ ಪುಡಿಯ ದ್ರಾವಣ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಅರ್ಧ ಗಂಟೆ ಕಾದು ಎಲ್ಲದಕ್ಕೂ ಸೂಚಕ ಬಿಡಬೇಕು. ಯಾವ ಬಟ್ಟಲು ಮೊದಲು ನೀಲಿಯಾಗುತ್ತದೋ ಅಷ್ಟು ಹನಿಯ ಲೆಕ್ಕದಲ್ಲಿ ಬಾವಿಗೆ ಪುಡಿ. ನೀರಿನಲ್ಲಿ ಹೊಲಸು ಹೆಚ್ಚಿದ್ದಷ್ಟೂ ಅದು ಔಷಧಿಯನ್ನು ನುಂಗುತ್ತದೆ, ನೀಲಿ ಅಷ್ಟು ದೂರದ ಬಟ್ಟಲಿಗೆ ಹೋಗುತ್ತದೆ.

ಅರ್ಧ ಗಂಟೆ ಕಾಯುವಾಗ ಒಬ್ಬ ಮುದುಕಿ ಖಾಲಿ ಕೊಡ ಹಿಡಿದು ಬಂದಳು. ಕೇರಿಗೆಲ್ಲ ಅವಳು ಆಯಿ.

"ಸಾಹೇಬ್ರ, ಒಂದ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ನೀರು ಕುಡದು ಮನ್ಯಾಗಿದ್ದವರು ಯಾರೂ ಬಿದ್ದಿಲ್ರಿ. ಊರಾಗ ಕೂಲಿಗಿ ಹೋದವರ ಬಿದ್ದಾರ. ಐದೂ ಮಂದಿ."

"ಆಯೀ, ನನ್ನ ಕೆಲಸ ನನಗೆ ಮಾಡಾಕ ಬಿಡು," ಎಂದೆ.

"ಬಿಟ್ಟೇನಿ ತಗೋರಿ," ಎಂದು ಅವಳು ಕೊಡವನ್ನು ಸೊಂಟಕ್ಕೇರಿಸಿದಳು. "ನಮ್ಮನ್ನ ಕೇಳಿ ಯಾರ ಕೆಲಸ ನಿಂತೈತಿ!"

ಸೂಚಕ ಬಿಟ್ಟೆ. ಮೊದಲ ಬಟ್ಟಲೇ ನೀಲಿಯಾಯಿತು. ವಹಿಯಲ್ಲಿ ಬರೆದೆ: ಕೇರಿ ಬಾವಿ, ಒಂದನೇ ಬಟ್ಟಲು. ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದೆ. ಬರೆದದ್ದನ್ನು ಓದಲಿಲ್ಲ.

ಲೆಕ್ಕದ ಪ್ರಕಾರ ಆ ಬಾವಿಗೆ ಬೇಕಾದದ್ದು ಸ್ವಲ್ಪವೇ ಪುಡಿ. ಸಂಶಯ ಬೇಡವೆಂದು ಡ್ರಮ್ಮಿನ ಬಹುಭಾಗ ಹಾಕಿದೆ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಬೇರೆ ಬಕೆಟ್ಟಿಗೆ ಬಸಿದು, ಹಗ್ಗದಿಂದ ನೀರಿನೊಳಗೆ ಬಿಟ್ಟು ಮೇಲೆ ಕೆಳಗೆ ಆಡಿಸಿದೆ. ಎರಡು ದಿನ ಈ ನೀರು ಮುಟ್ಟಬಾರದು ಎಂದು ಸಾರಿ ಗಡಗಡಿ ಬಿಚ್ಚಿಸಿದೆ.

ಹಾಗಾದರೆ ಕೇರಿಯವರಿಗೆ ನೀರು? ಅದಕ್ಕೂ ವ್ಯವಸ್ಥೆ ಮಾಡಿದೆ. ಊರ ನಡುವೆ ಹಿರಿಯರ ಕಾಲದ ಪಾವಟಿಗೆ ಬಾವಿ ಇತ್ತು. ಕಲ್ಲಿನ ಮೆಟ್ಟಿಲಿಳಿದು ಕಾಲು ನೆನೆಸಿಕೊಂಡೇ ನೀರು ತುಂಬುವ ಬಾವಿ. ಕೇರಿಯವರು ಅದಕ್ಕೆ ಇಳಿಯುವಂತಿರಲಿಲ್ಲ. ಮೇಲೆ ದೂರದಲ್ಲಿ ಕೊಡ ಇಟ್ಟು ಹಿಂದೆ ಸರಿದು ನಿಲ್ಲಬೇಕು. ಹತ್ತಿ ಬಂದ ಹೆಂಗಸರಲ್ಲಿ ಮನಸ್ಸು ಬಂದವರು ಎತ್ತರದಿಂದ ಸುರಿಯಬೇಕು. ನಾನು ಗೌಡರಿಗೆ ಹೇಳಿ ಪಾಳಿ ಹಚ್ಚಿಸಿದೆ: ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು, ಕೇಳಿದವರಿಗೆಲ್ಲ ತಪ್ಪದೆ ಸುರಿಯಬೇಕು ಎಂದು. ಗೌಡರು ಒಪ್ಪಿದರು. ನನಗೆ ಹೆಮ್ಮೆಯೆನಿಸಿತು. ಅದನ್ನು ನಾನು ದಯೆ ಎಂದುಕೊಂಡಿದ್ದೆ.

"ನಿಮ್ಮ ವಹಿ ಭಾಳ ಛಂದೈತ್ರಿ," ಎಂದರು ನರ್ಸ್ ಬಾಯಿ, ಸಂಜೆ ನಾನು ಗೆರೆ ಎಳೆಯುವುದನ್ನು ನೋಡಿ. "ಆದ್ರ ನಕ್ಷೆ ಎಲ್ಲೈತಿ?"

"ಬೇಕಾಗಿಲ್ಲ. ಮೂಲ ಗೊತ್ತಾಗೇದ."

"ಹಂಗಾದ್ರ ಛಲೋ ಆತು," ಎಂದರು. ಆ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ.

ಎರಡನೆಯ ದಿನ ಸೂಜಿಮದ್ದು. ಕೇರಿಯಲ್ಲಿ ಹತ್ತು ಗಂಟೆಯೊಳಗೆ ಎಲ್ಲರೂ ತೋಳು ಕೊಟ್ಟರು. ಊರೊಳಗೆ ಮನೆಮನೆಗೆ ಹೋದರೆ ಬಾಗಿಲು ಅರ್ಧ ತೆರೆದು "ನಮ್ಮನ್ಯಾಗ ಎಲ್ಲಾರೂ ಆರಾಮ ಅದಾರ್ರಿ" ಎಂದು ಮತ್ತೆ ಮುಚ್ಚುತ್ತಿದ್ದರು. ನರ್ಸ್ ಬಾಯಿ ಹಿತ್ತಿಲ ಕಡೆಯಿಂದ ಸುತ್ತಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ಸಾಹೇಬ್ರ, ಮಿರಗದ ಮಳ್ಯಾಗ ಯಾರರೆ ಕೌದಿ ಒಗೀತಾರೇನ್ರಿ?"

ಅರ್ಥವಾಗಲಿಲ್ಲ. ಹಳೆ ಬಟ್ಟೆಗಳ ಪದರ ಹೊಲಿದ ಕೌದಿ ನೆನೆದರೆ ಎಮ್ಮೆಯಷ್ಟು ಭಾರ. ಬಿರುಬಿಸಿಲಿನ ದಿನ ನೋಡಿ ಹಳ್ಳಕ್ಕೆ ಒಯ್ದು ಒಗೆಯುವಂಥದ್ದು.

"ಏಳು ಹಿತ್ತಲದಾಗ ಕೌದಿ ಹರವ್ಯಾರ. ಮಳಿ ಹನಿ ಬೀಳಾಕತ್ತಾವು, ತಗ್ಯಾವರಿಲ್ಲ. ಗೌಡರ ಹಿತ್ತಲದಾಗ ಮೂರು ಅದಾವ. ಒಳಗ ಯಾರೋ ಬಿದ್ದಾರ್ರಿ. ಹೇಳಾಕ ಮರ್ಯಾದಿ. ಕೇರಿ ಬ್ಯಾನಿ ನಮ್ಮನಿಗಿ ಬಂತು ಅಂದ್ರ ಮಾನ ಹೋಗ್ತೈತಲ್ಲ."

ನಾನು ಉತ್ತರಿಸುವಷ್ಟರಲ್ಲಿ ಕೇರಿಯಿಂದ ಕರೆ ಬಂತು. ಆಯಿಯ ಸೊಸೆ ಬಿದ್ದಿದ್ದಳು.

ಒಂದೇ ಅಂಕಣದ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಚಾಪೆ. ಸೊಸೆಗೆ ಏಳು ತಿಂಗಳು. ಕಣ್ಣು ಒಳಗೆ ಹೋಗಿದ್ದವು, ಬೆರಳುಗಳು ತೊಳೆದು ತೊಳೆದು ಸುಕ್ಕಾದವರ ಬೆರಳುಗಳಂತಿದ್ದವು. ನರ್ಸ್ ಬಾಯಿ ಮುಂಗೈ ಹಿಡಿದು ನಾಡಿ ಹುಡುಕಿದರು. ಹುಡುಕಲು ಹೊತ್ತು ಹಿಡಿಯಿತು. ಸಲೈನ್ ಹಚ್ಚಿದರು.

ನಾನು ವಹಿ ತೆರೆದು ರೂಢಿಯ ಪ್ರಶ್ನೆ ಕೇಳಿದೆ. ಎಲ್ಲಿ ಹೋಗಿದ್ದಳು? ಏನು ತಿಂದಳು?

"ತಿಂಗಳಾತು ಹೊಸ್ತಿಲ ದಾಟಿಲ್ರಿ," ಎಂದಳು ಆಯಿ. "ನಾವು ಉಂಡಿದ್ದ ಆಕಿ ಉಂಡಾಳ. ನೀರು ಒಂದ ಬ್ಯಾರೆ. ನಿನ್ನಿ ಸಂಜೀಕ ನೀವು ಪಾಳಿ ಹಚ್ಚಿದ್ರಲ್ಲ, ಆ ನೀರು. ನಾನು ಅದನ್ನ ಕಾಸಿ ಚಾ ಮಾಡಿ ಕುಡದೆ. ಆಕಿ ಹಸೀದ ಕುಡದ್ಲು. ಬಾಯಾರಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲೇ ಹೊಸ್ತಿಲ ಮೇಲೆ ಕೂತು, ಹಿಂದಿನ ದಿನ ಬಿಟ್ಟ ಕೆಲಸ ಮಾಡಿದೆ. ಒಂದು ಹಾಳೆಯಲ್ಲಿ ಊರು, ಕೇರಿ, ಎರಡು ಬಾವಿ ಬರೆದೆ. ಕೇರಿಯ ಐವರನ್ನು ಗುರುತಿಸಿ ಅವರು ಎಲ್ಲಿ ದುಡಿಯುತ್ತಿದ್ದರೆಂದು ಕೇಳಿದೆ. ಐದೂ ಜನ ಊರೊಳಗಿನವರ ಹೊಲಗಳಲ್ಲಿ ಬಿತ್ತನೆಯ ಕೂಲಿ. ಮಧ್ಯಾಹ್ನ ಒಡೆಯರ ಮನೆಯವರು ಬೊಗಸೆಗೆ ಸುರಿದ ಊರ ನೀರು. ಏಳು ಕೌದಿಯ ಹಿತ್ತಿಲುಗಳಿಗೆ ಏಳು ಚುಕ್ಕೆ. ಆಮೇಲೆ ಪ್ರತಿ ಚುಕ್ಕೆಯಿಂದ ಅದರ ನೀರಿಗೆ ಗೆರೆ ಎಳೆದೆ. ಗೆರೆಗಳೆಲ್ಲ ಪಾವಟಿಗೆ ಬಾವಿಗೆ ಹೋದವು. ಕೇರಿ ಬಾವಿಗೆ ಒಂದೂ ಇಲ್ಲ. ವಹಿಯ ಹಿಂದಿನ ಪುಟ ತಿರುವಿದೆ: ಒಂದನೇ ಬಟ್ಟಲು. ಆ ಊರಿನಲ್ಲಿದ್ದ ಒಂದೇ ಒಳ್ಳೆಯ ನೀರನ್ನು ಮುಚ್ಚಿ, ಅದನ್ನು ಕುಡಿಯುತ್ತಿದ್ದವರನ್ನು ನಾನೇ ಸಾಲುಗಟ್ಟಿಸಿ ಕೆಟ್ಟ ನೀರಿಗೆ ಕಳಿಸಿದ್ದೆ.

ಅದೇ ಗಳಿಗೆಗೆ ಸಂಜೆಯ ಪಾಳಿ ನಿಲ್ಲಿಸಿದೆ. ಕೇರಿ ಬಾವಿಯ ಗಡಗಡಿ ಮತ್ತೆ ಕಟ್ಟಿಸಿದೆ. ನೀರಿನಲ್ಲಿ ಔಷಧಿ ಹೆಚ್ಚಾಗಿತ್ತು. ಅಗಲ ಪಾತ್ರೆಯಲ್ಲಿ ಗಾಳಿಗಿಟ್ಟು ವಾಸನೆ ಹೋದ ಮೇಲೆ ಕುಡಿಯಬೇಕೆಂದು ಮನೆಮನೆಗೆ ಹೇಳಿದೆ. ಹಿಪ್ಪರಗಿ ಅಂಚೆ ಕಚೇರಿಗೆ ಸೈಕಲ್ಲಿನಲ್ಲಿ ಆಳು ಕಳಿಸಿ ಡಾಕ್ಟರಿಗೆ ತಂತಿ ಕೊಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಪಾವಟಿಗೆ ಬಾವಿಯ ಮೇಲಿನ ಮೆಟ್ಟಿಲ ಮೇಲೆ ಆರು ಬಟ್ಟಲು ಇಟ್ಟೆ. ಬೇಕೆಂದೇ ಜನ ನೆರೆಯುವ ಹೊತ್ತಿಗೆ. ಅರ್ಧ ಗಂಟೆ ಯಾರೂ ಹೋಗಲಿಲ್ಲ.

"ಏನ್ ಜಾದೂ ಮಾಡಾಕತ್ತೀರಿ, ಇನ್‌ಸ್ಪೆಕ್ಟರ?" ಎಂದೊಬ್ಬ ಕೂಗಿದ.

"ನೀಲಿ ಬಂದ್ರ ನೀರು ಛಲೋ. ಕೇರಿ ಬಾವಿಗೆ ಒಂದನೇ ಬಟ್ಟಲದಾಗ ಬಂದೈತಿ. ನೋಡ್ರಿ."

ಸೂಚಕ ಬಿಟ್ಟೆ. ಮೊದಲನೆಯದು ಹಾಗೇ. ಎರಡು, ಮೂರು, ನಾಲ್ಕು. ಆರನೆಯ ಬಟ್ಟಲೂ ಬಣ್ಣ ತಿರುಗಲಿಲ್ಲ. ಈ ಪರೀಕ್ಷೆ ರೋಗಾಣುವನ್ನು ತೋರಿಸುವುದಿಲ್ಲ, ಹೊಲಸನ್ನು ತೋರಿಸುತ್ತದೆ. ರೋಗವನ್ನು ತೋರಿಸುವುದು ನಕ್ಷೆ. ಅದನ್ನೂ ಹಿಡಿದು ತೋರಿಸಿದೆ. ಮನೆಗಳ ಹೆಸರು ಹೇಳಲಿಲ್ಲ. ಮಳೆ ಬಿದ್ದು ದಾರಿಯ ಕೊಳೆಯೆಲ್ಲ ಮೆಟ್ಟಿಲ ಮೇಲಿಂದ ಇಳಿದಿದೆ, ಕಾಲುಗಳೂ ಇಳಿದಿವೆ ಎಂದೆ. ನಂತರ ಜಾಲಿಮುಳ್ಳು ತರಿಸಿ ಮೆಟ್ಟಿಲಿಗೆ ಅಡ್ಡ ಹಾಕಿಸಿದೆ. ಪುಡಿ ಬರುವವರೆಗೆ ಊರಿಗೆಲ್ಲ ಕೇರಿ ಬಾವಿಯ ನೀರು ಎಂದೆ.

ಎಲ್ಲ ಕಡೆಯಿಂದಲೂ ಮಾತೆದ್ದಿತು.

"ಸತ್ರೂ ಚಿಂತಿಲ್ಲ, ಆ ನೀರು ಕುಡ್ಯಾಂಗಿಲ್ಲ!"

"ಇವನ್ನ ಇಲ್ಲಿಂದ ಹೊರಡಸ್ರಿ ಮೊದಲ!"

ಯಾರೋ ಮುಳ್ಳಿನ ಕೊಂಬೆ ಎಳೆದರು. ನಾನು ಅದರ ಮುಂದೆ ನಿಂತೆ. ಧೈರ್ಯದಿಂದಲ್ಲ, ಅಲ್ಲಿಂದ ಸರಿದರೆ ಮತ್ತೆ ನಿಲ್ಲಲು ಆಗದೆಂದು ಗೊತ್ತಿತ್ತು. ಗೌಡರು ಹತ್ತಿರ ಬಂದರು. ಬಿಜಾಪುರದವರೆಗೆ ತಮ್ಮ ಕೈ ಮುಟ್ಟುತ್ತದೆ, ವಾರದಲ್ಲಿ ನನ್ನ ವರ್ಗವಾಗುತ್ತದೆ ಎಂದರು.

"ಮಾಡಸ್ರಿ," ಎಂದೆ. ಆಮೇಲೆ ಅವರಿಗೊಬ್ಬರಿಗೇ ಕೇಳುವಂತೆ, "ಗೌಡ್ರ, ನಿಮ್ಮ ಹಿತ್ತಲದಾಗ ಮೂರು ಕೌದಿ ಅದಾವ. ಯಾರು?"

ಅವರ ಮುಖ ಕಳೆಗುಂದಿತು. "ಅವ್ವ," ಎಂದರು.

ನರ್ಸ್ ಬಾಯಿ ಆಗಲೇ ಚೀಲ ಎತ್ತಿಕೊಂಡಿದ್ದರು. ಸಲೈನು ನಾಲ್ಕು ಬಾಟಲಿ ಉಳಿದಿತ್ತು. ಗೌಡರು ನಾಲ್ಕೂ ತಮ್ಮ ಮನೆಗೆ ಬರಲಿ ಎಂದರು, ಬೇಡುವ ದನಿಯಲ್ಲಿ.

"ನಾಡಿ ನೋಡಿ ಹಚ್ಚೂದು, ಗೌಡ್ರ. ಮನಿ ನೋಡಿ ಅಲ್ಲ," ಎಂದರು ನರ್ಸ್ ಬಾಯಿ. ಗೌಡರ ತಾಯಿಯ ಕೈ ಹಿಡಿದು ನೋಡಿ, ನಾಡಿ ಸಿಗುತ್ತಿದೆ, ನುಂಗುವ ಶಕ್ತಿಯೂ ಇದೆ ಎಂದು ಹೇಳಿ ಒಂದು ಬಾಟಲಿ ಹಚ್ಚಿದರು. ಮೂರು ಕೇರಿಗೆ. "ಇವರಿಗೆ ತಾಸಿಗೊಮ್ಮೆ ಉಪ್ಪು ಹಾಕಿ ಗಂಜಿ ಕೊಡ್ರಿ. ಕೇರಿ ಬಾವಿ ನೀರಾಗ ಮಾಡ್ರಿ. ಪಾವಟಿಗಿ ಬಾವಿ ನೀರು ಹಾಕಿದ್ರ ಆ ಬಾಟ್ಲಿ ನೆಲಕ್ಕ ಸುರದಂಗ."

ಗೌಡರು ಹೆಂಡತಿಯತ್ತ ನೋಡಿದರು. ಆಕೆ ಕೊಡ ತೆಗೆದುಕೊಂಡರು.

ಅಷ್ಟರಲ್ಲಿ ನನಗೆ ಹೊಳೆಯಿತು, ಆ ನೀರು ನನ್ನದಲ್ಲ. ಕೇರಿಯವರು ತೋಡಿಕೊಂಡ ಬಾವಿಯನ್ನು ಅವರನ್ನು ಕೇಳದೆ ಒಮ್ಮೆ ಮುಚ್ಚಿದ್ದೆ. ಈಗ ಕೇಳದೆ ಊರಿಗೆಲ್ಲ ಹಂಚಿಬಿಟ್ಟಿದ್ದೆ. ಬೇಗ ಬೇಗ ಕೇರಿಗೆ ನಡೆದೆ. ಆಯಿ ಸೊಸೆಯ ತಲೆಯ ಹತ್ತಿರ ಕೂತಿದ್ದಳು. ನಾಲ್ಕು ಜನ ಹಿರಿಯರೂ ಅಲ್ಲಿದ್ದರು. ವಿಷಯ ಹೇಳಿದೆ. ಮೊದಲ ದಿನದ ತಪ್ಪು ನನ್ನದು ಎಂದೂ ಹೇಳಿದೆ.

ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು. "ಬ್ಯಾಡ್ರಿ, ಸಾಹೇಬ್ರ. ನಾಳೆ ಅವರಾಗ ಒಬ್ಬ ಸತ್ರ, ಕೇರಿಯವರು ವಿಷಾ ಹಾಕ್ಯಾರ ಅಂತಾರ. ಆಗ ನೀವು ಇರ್ತೀರೇನು?"

ಅದು ಸುಳ್ಳು ಭಯವಾಗಿರಲಿಲ್ಲ. ಬಾವಿಯ ಕಟ್ಟೆಯ ಹತ್ತಿರ ದಿನವೂ ನಾನೇ ಕೂರುತ್ತೇನೆ, ನೀರಿನ ಪರೀಕ್ಷೆ ಬರೆದು ಸಹಿ ಮಾಡುತ್ತೇನೆ ಎಂದಷ್ಟೇ ಹೇಳಿದೆ.

ಆಯಿ ಸೊಸೆಯ ಹಣೆ ಒರೆಸಿ ಎದ್ದಳು.

"ನೀರಿಗಿ ಇಲ್ಲ ಅನ್ನೂದು ನಮಗ ಗೊತ್ತಿಲ್ಲ. ಬರಲಿ. ಆದ್ರ ನಾವು ಎತ್ತಿ ಹಾಕಂಗಿಲ್ರಿ. ತಾವಾ ಬಂದು, ತಮ್ಮ ಕೈಲೆ ಸೇದ್ಕೋಲಿ."

ನಾಳೆ ಕೈ ಸೋಂಕಿತು ಎಂಬ ಮಾತು ಬಾರದಿರಲಿ ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. ಹಾಗೆಯೇ ಅಂದೆ ಕೂಡ.

"ಅದೂ ಐತಿ," ಎಂದಳು. "ಆದ್ರ ಕೊಡಾ ನೆಲಕ್ಕಿಟ್ಟು ದೂರ ಸರದು ನಿಂದ್ರೂದು ಹ್ಯಾಂಗಿರ್ತೈತಿ, ನಮಗ ಗೊತ್ತೈತ್ರಿ. ನಮ್ಮ ಬಾವಿ ಮುಂದ ಯಾರ್ನೂ ಹಂಗ ನಿಂದ್ರಸಂಗಿಲ್ಲ."

ನಾವು ಹೊರಗೆ ಬರುವಷ್ಟರಲ್ಲಿ ಗೌಡರ ಹೆಂಡತಿ ಬಂದಿದ್ದರು. ಬಾವಿಯಿಂದ ಹತ್ತು ಹೆಜ್ಜೆ ದೂರ ನಿಂತಿದ್ದರು. ಕೊಡ ನೆಲದ ಮೇಲಿತ್ತು. ಅಲ್ಲಿಗೆ ಬಂದರೆ ಏನು ಮಾಡಬೇಕೆಂದು ಆಕೆಗೆ ಗೊತ್ತಿರಲಿಲ್ಲ. ಕಂಡಿದ್ದ ಒಂದೇ ರೀತಿಯಲ್ಲಿ ನಿಂತಿದ್ದರು.

"ಅಲ್ಯಾಕ ನಿಂತ್ರಿ, ಎವ್ವಾ? ಹಗ್ಗ ಐತಿ, ಸೇದ್ಕೋರಿ," ಎಂದಳು ಆಯಿ.

ಆಕೆ ಬಂದರು. ಹಗ್ಗ ಒರಟು, ಬಾವಿ ಆಳ. ಮೆಟ್ಟಿಲಿಳಿದು ತುಂಬಿದವರ ಕೈಗೆ ರೂಢಿಯಿಲ್ಲ. ಅರ್ಧಕ್ಕೆ ಬಂದ ಕೊಡ ಜಾರಿತು. ಆಯಿ ಹಿಂದಿನಿಂದ ಹಗ್ಗಕ್ಕೆ ಕೈ ಹಾಕಿದಳು. "ಎದಿ ಬಾವಿ ಕಟ್ಟಿಗಿ ಹಚ್ಚಿ ಜಗ್ಗ್ರಿ, ಬಾಯಾರ. ಸೊಂಟದಿಂದ ಜಗ್ಗಿದ್ರ ಮುಂಜಾನೆ ಏಳಾಕ ಆಗಂಗಿಲ್ಲ." ಇಬ್ಬರೂ ಜಗ್ಗಿದರು.

ಮಧ್ಯಾಹ್ನದೊಳಗೆ ಇನ್ನೂ ಕೆಲವರು ಬಂದರು, ಸೆರಗು ಮುಖಕ್ಕೆಳೆದುಕೊಂಡು. ಕೆಲವರು ಬರಲೇ ಇಲ್ಲ. ಮುಳ್ಳು ಸರಿಸಿ ಕದ್ದು ನೀರು ಒಯ್ದರು. ಅಂಥ ಒಂದು ಮನೆಯಲ್ಲಿ ಒಬ್ಬರು ತೀರಿಕೊಂಡರು. ನಾನು ಹೇಳಿದಂತೆ ಕಟ್ಟೆಯ ಹತ್ತಿರ ಕೂತೆ, ಬೆಳಿಗ್ಗೆ ಮತ್ತು ಸಂಜೆ ಪರೀಕ್ಷೆ ಬರೆದು ಸಹಿ ಹಾಕಿದೆ.

ಐದನೆಯ ದಿನ ಜೀಪು ಬಂತು, ಪುಡಿಯೂ ಬಂತು. ಆಯಿಯ ಸೊಸೆ ಉಳಿದಳು. ಅವಳ ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ನಾಲ್ಕನೆಯ ದಿನ ಹೆರಿಗೆಯಾಗಿ, ಅಳದ ಕೂಸನ್ನು ನರ್ಸ್ ಬಾಯಿ ಬಟ್ಟೆಯಲ್ಲಿ ಸುತ್ತಿ ಆಯಿಯ ಕೈಗೆ ಕೊಟ್ಟಿದ್ದರು. ನಾನು ಹೊರಗೆ ನಿಂತಿದ್ದೆ.

ವರದಿ ಬರೆದೆ. ರೋಗದ ಮೂಲ: ಪಾವಟಿಗೆ ಬಾವಿ. ಕೈಗೊಂಡ ಕ್ರಮ ಎಂಬಲ್ಲಿ ಮೊದಲ ಸಾಲು ಹೀಗೆ: ನಕ್ಷೆ ತಯಾರಿಸದೆ, ಪರೀಕ್ಷೆಯಲ್ಲಿ ಶುದ್ಧವೆಂದು ಕಂಡ ಬಾವಿಯನ್ನು ಇನ್‌ಸ್ಪೆಕ್ಟರರು ಮೊದಲು ಮುಚ್ಚಿದರು, ಇದರಿಂದ ಹೊಸದಾಗಿ ರೋಗ ತಗುಲಿತು.

ಡಾಕ್ಟರು ಓದಿ ಪೆನ್ನು ಚಾಚಿದರು. "ಈ ಸಾಲು ಹೊಡದ್ಹಾಕ್ರಿ. ರೋಗ ನಿಂತೈತಿ. ಮತ್ಯಾಕ?"

"ನಕ್ಷೆ ಎರಡನೇ ಕೆಲಸ, ಸರ್. ನಾನು ಬಿಟ್ಟೇನಿ," ಎಂದೆ. ಸಾಲು ಉಳಿಯಿತು. ವಿವರಣೆ ಕೇಳಿ ಮೆಮೊ ಬಂತು, ನನ್ನ ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು. ಬೀಳಬೇಕಾದದ್ದೇ. ಪಾವಟಿಗೆ ಬಾವಿ ಹದಿನೈದು ದಿನದಲ್ಲಿ ತೆರೆಯಿತು, ಊರು ಅಲ್ಲಿಗೇ ಮರಳಿತು. ಕೇರಿಯವರು ಮೆಟ್ಟಿಲಿಳಿಯಲು ಆಗಲೂ ಯಾರೂ ಬಿಡಲಿಲ್ಲ.

ಊರು ಬಿಡುವ ದಿನ ವರದಿಯ ಆ ಸಾಲನ್ನು ಆಯಿಯ ಮುಂದೆ ಓದಿದೆ. ಯಾಕೆ ಓದಿದೆನೋ, ಕ್ಷಮೆ ಕೇಳಲು ಬೇರೆ ಮಾತು ಬರುತ್ತಿರಲಿಲ್ಲ. ಅವಳು ಬಾಗಿಲಲ್ಲಿ ಕೂತು ಹಳೆಯ ಸೀರೆಯ ತುಂಡುಗಳನ್ನು ಕೌದಿಗೆ ಜೋಡಿಸುತ್ತಿದ್ದಳು. ಅಂಗೈಯಗಲದ, ಕೂಸಿಗೆ ಹೊಲಿಯಲು ಶುರು ಮಾಡಿದ್ದ ಕೌದಿ. ಈಗ ಅದಕ್ಕೆ ಸುತ್ತ ತುಂಡು ಸೇರಿಸಿ ದೊಡ್ಡದು ಮಾಡುತ್ತಿದ್ದಳು.

"ಹಿಂಗ ಬರದ್ರ ಏನಾಗ್ತೈತ್ರಿ?" ಎಂದು ಕೇಳಿದಳು.

"ಮುಂದ ಬರಾವ ಓದ್ತಾನ. ಮೊದಲ ನಿಮ್ಮನ್ನ ಕೇಳ್ತಾನ."

ಅವಳು ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. ನನ್ನ ಕೈಗೆ ಕೊಟ್ಟಳು. ಪೋಣಿಸಿ ಕೊಟ್ಟೆ.

"ಹಂಗಾದ್ರ ಅಕ್ಷರ ಜರಾ ದೊಡ್ಡೂ ಮಾಡಿ ಬರೀರಿ," ಎಂದಳು. "ಅಂವಗೂ ಅವಸರ ಇರ್ತೈತಿ."